ಲಿಫ್ಟಿನ ಫಲಕದ ಸಂಖ್ಯೆ

ಲಿಫ್ಟ್ ಮೆಕ್ಯಾನಿಕ್ ಹಿತ್ತಾಳೆಯ ಫಲಕವನ್ನು ಶವಪೆಟ್ಟಿಗೆಯ ಮುಚ್ಚಳದ ಮೇಲಿಟ್ಟು, ಕೊನೆಯ ತಿರುಪಿಗಾಗಿ ಜೇಬು ತಡಕುತ್ತಿದ್ದ. ಫಲಕದ ಮೇಲೆ ತಯಾರಕರು ಒತ್ತಿದ ಸಂಖ್ಯೆಯೊಂದೇ ಇತ್ತು: 1022117.

"ಸಮಾಧಿಯ ಕಲ್ಲಿನ ಮೇಲೂ ಇದೇ ಇರಲಿ," ಎಂದರು ಚಿಕ್ಕಪ್ಪ. "ಕೆಳಗೆ 'ಅವಿಭಾಜ್ಯ' ಅಂತ ಕೆತ್ತಿಸೋಣ. ನಮ್ಮಣ್ಣ ಜೀವಮಾನದಲ್ಲಿ ಕಂಡುಹಿಡಿದದ್ದು ಅದೊಂದೇ. ಏನಮ್ಮಾ?"

ಮಗಳು ಕಲ್ಲಿನ ಕಡೆ ನೋಡಿದಳು. ಕಲ್ಲುಕುಟಿಗ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದ. ಬಾಯಿ ಮಾತಿನ ಸುಳ್ಳು ಬೇರೆ, ಅದನ್ನು ಅಪ್ಪನ ತಲೆಯ ಹತ್ತಿರ ಕಲ್ಲು ಮಾಡಿ ನಿಲ್ಲಿಸುವುದು ಬೇರೆ.

* * *

ಅಪ್ಪ ಕಚೇರಿ ಕಟ್ಟಡವೊಂದರ ಲಿಫ್ಟ್ ನಡೆಸುತ್ತಿದ್ದರು. ಸ್ಟೂಲಿನ ಮೇಲೆ ಕೂತರೆ ಕಣ್ಣೆದುರೇ ಆ ಫಲಕ. ಇದು ಯಾವುದರಿಂದಲಾದರೂ ಶೇಷವಿಲ್ಲದೆ ಭಾಗವಾಗುತ್ತದೆಯೇ ಎಂಬ ಹುಳ ತಲೆ ಹೊಕ್ಕಿತು. ಮೂರು, ಐದು, ಏಳು, ಹನ್ನೊಂದು ಎಂದು ಅವಿಭಾಜ್ಯಗಳನ್ನು ಒಂದೊಂದಾಗಿ ಹಿಡಿದು, ಖಾಲಿ ಸಿಗರೇಟು ಪೊಟ್ಟಣಗಳ ಒಳಮೈಯಲ್ಲಿ ಭಾಗಿಸತೊಡಗಿದರು.

"ಒಡೀತಾ?" ಎಂದು ಹತ್ತಿದವರೆಲ್ಲ ಕೇಳುವರು.

"ಕಬ್ಬಿಣದ ಕಡಲೆ ಸ್ವಾಮಿ."

997ಕ್ಕೆ ಬಂದು ನಿಲ್ಲಿಸಿದರು. ಮೂರಂಕಿಯವೆಲ್ಲ ಮುಗಿದವು, ಇನ್ನಿದು ಒಡೆಯುವುದಿಲ್ಲ ಎಂದು ಲಿಫ್ಟ್ ಹತ್ತಿದವರಿಗೆಲ್ಲ ಪೆಪ್ಪರ್‌ಮಿಂಟ್ ಹಂಚಿದರು. ಶಾಲೆಗೆ ಹೋಗುತ್ತಿದ್ದ ಮಗಳು ಆ ಸಂಜೆ ಒಂದು ಹೆಜ್ಜೆ ಮುಂದೆ ಹೋದಳು. ಭಾಗಿಸುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಫಲಕದ ಸಂಖ್ಯೆಯನ್ನು ದಾಟುವವರೆಗೆ ನಿಲ್ಲಿಸುವಂತಿಲ್ಲ, 997 ದಾಟುತ್ತಿರಲಿಲ್ಲ. ಮುಂದಿನ ಅವಿಭಾಜ್ಯ 1009. ಶೇಷ ಸೊನ್ನೆ ಬಂತು.

"ನೀನೂ ಲೆಕ್ಕ ನೋಡಿದ್ಯಂತೆ?" ಬೆಳಿಗ್ಗೆ ಅಪ್ಪ ಕೇಳಿದರು. "ಸರಿಯಿದೆ ತಾನೆ?"

ಅವರ ಮುಖದ ಸಂಭ್ರಮ ನೋಡಲಾರದೆ ಅವಳು ಬಗ್ಗಿ ಶೂ ಲೇಸು ಕಟ್ಟತೊಡಗಿದಳು. "ಸರಿಯಿದೆ ಅಪ್ಪ."

* * *

ಮೆಕ್ಯಾನಿಕ್ ಅವಳನ್ನು ಪಕ್ಕಕ್ಕೆ ಕರೆದ. "ಕಲ್ಲಿಗೆ ಬೀಳೋ ಮುಂಚೆ ಹೇಳ್ಬಿಡ್ತೀನಿ. ಅವರಿಗೆ ಗೊತ್ತಿತ್ತು."

"ಏನು?"

"1009. ಒಂದು ವರ್ಷ ಆದ್ಮೇಲೆ ಸುಮ್ನೆ ಕೂತಿದ್ದಾಗ ಭಾಗಿಸಿ ನೋಡಿದ್ರು. ಆವತ್ತು ಲಿಫ್ಟು ಎಲ್ಲೂ ನಿಲ್ಲದೆ ಮೇಲೆ ಕೆಳಗೆ ಓಡಾಡ್ತು. ಒಳಗಿದ್ದೋರು ಬೈದದ್ದೇ ಬೈದದ್ದು."

"ನನಗೆ ಯಾಕೆ ಹೇಳಲಿಲ್ಲ?"

"'ಲೇಸು ಕಟ್ತಾ ಹೇಳಿದ್ಲು ಕಣೋ' ಅಂದ್ರು. 'ಸುಳ್ಳು ಹೇಳುವಾಗ ನನ್ನ ಮಗಳು ಮುಖ ತೋರಿಸಲ್ಲ. ನನಗೋಸ್ಕರ ಬಚ್ಚಿಟ್ಟಿದಾಳೆ, ನಾನ್ಯಾಕೆ ಕಿತ್ಕೊಳ್ಳಲಿ?'"

ಬೆಳಿಗ್ಗೆಯಿಂದ ಬಾರದಿದ್ದ ಅಳು ಈಗ ಬಂತು. ಇನ್ನೊಬ್ಬರಿಗೆ ನೋವಾದೀತೆಂದು ಇಬ್ಬರೂ ಇಷ್ಟು ವರ್ಷ ಒಂದೇ ಗುಟ್ಟನ್ನು ಕಾದಿದ್ದರು. ಕಣ್ಣೊರೆಸಿಕೊಂಡು ಅವಳು ಕಲ್ಲುಕುಟಿಗನ ಹತ್ತಿರ ಹೋದಳು.

"1009 ಬರೀರಿ. ಗುಣಿಸು 1013."

ಚಿಕ್ಕಪ್ಪ ಕಕ್ಕಾಬಿಕ್ಕಿಯಾದರು. "ಅಂದ್ರೆ, ಒಡೀತಾ?"

ಅವಳು ಮುಖವೆತ್ತಿ ನೇರವಾಗಿ ಅವರನ್ನು ನೋಡಿದಳು. "ಒಡೀತು ಚಿಕ್ಕಪ್ಪ. ಅಪ್ಪನೇ ಒಡೆದದ್ದು."

"ಕಳ್ಳ. ನನಗೊಂದು ಮಾತು ಹೇಳಲಿಲ್ಲ ನೋಡು," ಎಂದ ಚಿಕ್ಕಪ್ಪ ಕಲ್ಲಿನ ಕಡೆ ತಿರುಗಿ ಕೇಳಿದರು, "ಈ ಎರಡು?"

"ಇವು ಒಡೆಯಲ್ಲ."

ತಿರುಪು ಜೇಬಿನ ಮೂಲೆಯಲ್ಲೇ ಇತ್ತು. ಮೆಕ್ಯಾನಿಕ್ ಮಂಡಿಯೂರಿ ಅದನ್ನು ಬಿಗಿಯುವಷ್ಟರಲ್ಲಿ ಕಲ್ಲಿನ ಮೇಲೆ ಎರಡು ಬಿಳಿಯ ಸಂಖ್ಯೆಗಳು ಪಕ್ಕಪಕ್ಕ ಬಂದು ನಿಂತವು. ನಡುವೆ, ಶೂ ಲೇಸಿನ ಹಾಗೆ, ಒಂದರ ಮೇಲೊಂದು ಹಾದ ಎರಡು ಪುಟ್ಟ ಗೆರೆಗಳು.