ಕೊನೆಯ ಭೇಟಿಗೆ ಬಾರದವಳು

ಕರ್ರ್... ಕರ್ರ್... ತೆಂಗಿನಕಾಯಿ ತುರಿಯುವ ಸದ್ದು, ಇಷ್ಟು ಹೊತ್ತಿನಲ್ಲಿ ಯಾರು, ಹೌದಲ್ಲ, ನಾಳೆ ಗಂಡನ ಮನೆಯಲ್ಲಿ ಮದುವೆ, ಹಿತ್ತಲ ಅಡುಗೆಮನೆಯಲ್ಲಿ ಊರ ಹೆಂಗಸರು ಇನ್ನೂ ಮಲಗಿಲ್ಲ, ಮಲಗಿರುವುದು ಲಾರಾಸ್ ಒಬ್ಬಳೇ, ಅದೂ ನಟನೆ, ದಿಂಬಿನ ಕೆಳಗೆ ಫೋನು, ಫೋನಿನಲ್ಲಿ ಇವತ್ತಷ್ಟೇ ಪ್ರಕಟವಾದ ಅವಳ ಸಂಶೋಧನಾ ಪ್ರಬಂಧ — ತೀವ್ರ ಖಿನ್ನತೆಗೆ ಹಳ್ಳಿಯ ಚಿಕಿತ್ಸಾಲಯದಲ್ಲೇ ಮಾಡಬಹುದಾದ ಆರೈಕೆ, ಮಾತ್ರೆಯ ಜೊತೆಗೆ ದಿನಕ್ಕೊಂದು ಸಣ್ಣ ಕೆಲಸ, ಮನಸ್ಸು ಬರಲಿ ಬರದಿರಲಿ ಕೈ ಆಡಿಸುವುದು, ಮನಸ್ಸು ಹಿಂದೆಯೇ ಬರುತ್ತದೆ — ಯೋಗ್ಯಕರ್ತಾದಿಂದ ಹಿರಿಯ ಸಹೋದ್ಯೋಗಿ ಹರ್ಸೊಯೊ ಫೋನ್ ಮಾಡಿ, ಗೆದ್ವಿ ಕಣಮ್ಮ, ಇನ್ನಾದ್ರೂ ನಿದ್ದೆ ಮಾಡು ಅಂದಿದ್ದರು, ಗೆದ್ದದ್ದು ನಿಜ, ಎಷ್ಟೊಂದು ಜನ ಎದ್ದು ಕೂತರು, ನಕ್ಕರು, ಆದರೆ ನಡುವೆ ಒಂದು ಸಾಲಿದೆ, ಒಬ್ಬರು ಕೊನೆಯ ಭೇಟಿಗೆ ಬರಲಿಲ್ಲ, ಬಾರದವರನ್ನು ಗುಣವಾಗದವರೆಂದೇ ಲೆಕ್ಕ ಹಿಡಿಯಬೇಕು, ಅದು ನಿಯಮ — ಆ ಒಬ್ಬರು ತುಕಿನೆಮ್, ಮಡಿಲಲ್ಲಿ ಅಂಗಾತ ಬಿದ್ದಿದ್ದ ಎರಡು ಕೈ, ಯಾರೋ ಮರೆತು ಬಿಟ್ಟುಹೋದ ಹಾಗೆ, ಒಂದೇ ಒಂದು ಲೋಟ ತೊಳೀರಿ ಸಾಕು ಎಂದರೆ ಆ ಕೈ ಕದಲಲೇ ಇಲ್ಲ, ಆಮೇಲೆ ಒಂದೊಂದೇ ಲೋಟ ತೊಳೆದಳಂತೆ, ಆಮೇಲೆ ಆಳೇ ಇಲ್ಲ, ಫೋನು ಹತ್ತುವುದಿಲ್ಲ, ಮನೆಗೆ ಹೋದರೆ ಬೀಗ, ಅಂದಿನಿಂದ ಲಾರಾಸ್ ಪೇಪರು ತೆರೆದರೆ ಮೊದಲು ಹುಡುಕುವುದು ನದಿಯಲ್ಲಿ ಸಿಕ್ಕ ಹೆಂಗಸರನ್ನು, ವಯಸ್ಸು ನೋಡಿ, ಇವಳಲ್ಲ, ಇವಳಲ್ಲ ಎಂದು ಉಸಿರು ಬಿಡುವುದು —

ಕರ್ರ್, ಕರ್ರ್, ಸಾಕು, ಎದ್ದಳು, ಹಿತ್ತಲಲ್ಲಿ ಸೌದೆಯ ಹೊಗೆ, ಮಜ್ಜಿಗೆಹುಲ್ಲಿನ ಘಮ, ಬಾಣಲೆಯ ಹಿಂದಿನಿಂದ ಗಂಡನ ದೊಡ್ಡಮ್ಮ ಬುಡೆ ಸರ್ಜಿಯೆಮ್, ಓಹೋ ಪಟ್ಟಣದ ಸೊಸೆಗೆ ಎಚ್ಚರ ಆಯ್ತೇನಮ್ಮ, ರೇವಾಂಗ್ ಅಂದ್ರೆ ಊರೆಲ್ಲ ಕೂಡಿ ಮಾಡೋ ಮದುವೆ ಅಡುಗೆ, ಅದಕ್ಕೆ ಬಂದು ಗೊರಕೆ ಹೊಡೆಯೋರನ್ನ ಇವತ್ತೇ ನೋಡಿದ್ದು, ಹೆಂಗಸರೆಲ್ಲ ಗೊಳ್ಳೆಂದರು, ಚಾಪೆಯ ಮೇಲೆ ತುರಿಯುತ್ತಿದ್ದವಳು ತಲೆ ಎತ್ತಿದಳು — ತುಕಿನೆಮ್ — ಇದ್ದಾಳೆ, ಬದುಕಿದ್ದಾಳೆ, ಕೆನ್ನೆ ತುಂಬಿಕೊಂಡಿದೆ, ಓಡಿಹೋಗಿ ಅಪ್ಪಿಕೊಳ್ಳಬೇಕು, ಕೂಡದು, ಹೊರಗೆ ಸಿಕ್ಕ ರೋಗಿಯನ್ನು ಡಾಕ್ಟರು ತಾವಾಗಿ ಗುರುತಿಸಕೂಡದು, ಅವರು ನಕ್ಕರೆ ನಗಬೇಕು, ಇಲ್ಲವಾದರೆ ಗೊತ್ತೇ ಇಲ್ಲದವಳಂತೆ ಇರಬೇಕು, ಲಾರಾಸ್ ಈರುಳ್ಳಿ ಬುಟ್ಟಿಯನ್ನು ನೋಡುತ್ತ ನಿಂತಳು, ಹುಷಾರಾಗಿ ಮಾತಾಡ್ರೇ, ಇವಳು ನಮ್ಮ ದನಾರ್ ಹೆಂಡ್ತಿ, ತಲೆ ಡಾಕ್ಟ್ರು ಎಂದಳು ಬುಡೆ, ಹಂಗಾದ್ರೆ ಮೊದಲು ನಿಮ್ ತಲೇನೇ ತೋರಿಸ್ಬೇಕು ಬುಡೆ ಎಂದಳು ಯಾರೋ, ಮತ್ತೆ ನಗು, ತುಕಿನೆಮ್ ಮಾತ್ರ ನಗಲಿಲ್ಲ, ನೆಟ್ಟಗೆ ನೋಡಿ ಒಂದು ಹೋಳು ಕಾಯಿ, ಒಂದು ತುರಿಯುವ ಹಲಗೆ ಮುಂದೆ ತಳ್ಳಿದಳು, ಕೂತ್ಕೊಳಿ ಡಾಕ್ಟ್ರೇ, ದಿನಕ್ಕೊಂದು ಸಣ್ಣ ಕೆಲಸ, ಮನಸ್ಸು ಬರ್ಲಿ ಬಿಡ್ಲಿ ಕೈ ಆಡ್ಸಿ, ಮನಸ್ಸು ಹಿಂದೇನೇ ಬರತ್ತೆ — ಅಯ್ಯೋ, ತನ್ನದೇ ಮಾತು, ತಾನೇ ಅವಳಿಗೆ ಹೇಳಿದ್ದು, ಕೇಳಿದ್ಯಾ ಲಾರಾಸ್, ಇವಳು ಡಾಕ್ಟ್ರಿಗೇ ಬುದ್ಧಿ ಹೇಳ್ತಾಳಲ್ಲೇ ಎಂದು ಬುಡೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಲಾರಾಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು, ಹೊಗೆ ಬುಡೆ, ಬರೀ ಹೊಗೆ —

ನೀರಿನ ಹಂಡೆಯ ಹತ್ತಿರ ಇಬ್ಬರೇ ಆದಾಗ ತುಕಿನೆಮ್ ಪಿಸುಗುಟ್ಟಿದಳು, ಕೊನೇ ಸಲ ಬರ್ಲಿಲ್ಲ, ಬೇಜಾರು ಮಾಡ್ಕೋಬೇಡಿ, ಇಲ್ಲೇ, ತಂಗಿ ಊರಲ್ಲಿದ್ದೆ, ಅವತ್ತಿಲ್ಲೊಂದು ಮದುವೆ, ಎಷ್ಟೋ ವರ್ಷದ ಮೇಲೆ ಯಾರೋ ಅಡುಗೆಗೆ ಬಾರೇ ಅಂತ ಕರೆದ್ರು, ಕರೆದ್ರೆ ಹೋಗ್ದೆ ಇರಕ್ಕಾಗತ್ತಾ — ನನ್ನ ಕಾಯಿಲೆ ಇಲ್ಲಿ ಯಾರಿಗೂ ಗೊತ್ತಿಲ್ಲ, ಹಂಗೇ ಇರ್ಲಿ ಡಾಕ್ಟ್ರೇ — ಹಾಗಾದರೆ ಅವಳು ಬಾರದಿದ್ದದ್ದು ಗುಣವಾಗಿದ್ದರಿಂದ, ನಿಯಮವೇ, ನಿನಗೇನು ಗೊತ್ತು, ಲಾರಾಸ್‌ಗೆ ಅಲ್ಲೇ ಕುಣಿಯಬೇಕೆನಿಸಿತು, ಹರ್ಸೊಯೊ ಅವರನ್ನು ಈಗಲೇ ಎಬ್ಬಿಸಿ ಹೇಳಬೇಕೆನಿಸಿತು, ಕೋಣೆಗೆ ಬಂದಾಗ ದನಾರ್ ನಿದ್ದೆಗಣ್ಣಲ್ಲಿ, ಏನೇ, ಒಬ್ಬಳೇ ನಗ್ತಿದೀಯ, ಪ್ರಬಂಧದ ಖುಷಿನಾ, ಹೂಂ ಎಂದಳು, ಅಷ್ಟೇ, ಇವನಿಗೂ ಇಲ್ಲ, ಹರ್ಸೊಯೊ ಅವರಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ, ಆ ಸಾಲು ಹಾಗೇ ಇರಲಿ, ತಪ್ಪಾಗಿಯೇ ಇರಲಿ, ಹೊರಗೆ ಮತ್ತೆ ಕರ್ರ್, ಕರ್ರ್, ಮೊಣಕೈವರೆಗೂ ಬಿಳಿ ತುರಿ ಅಂಟಿಕೊಂಡ ಕೈ, ಮೇಲೆ ಕೆಳಗೆ, ಮೇಲೆ ಕೆಳಗೆ, ಆ ಕೈ —