ಎರವಲು ಹಲಗೆ

ಶುಕ್ರವಾರ ದನಗಳು ಕೊಟ್ಟಿಗೆಗೆ ಮರಳುವ ಹೊತ್ತಿನಲ್ಲಿ ರಾಜೇಂದ್ರ ಆ ಹಲಗೆಯನ್ನು ತಲೆಯ ಮೇಲೆ ಹೊತ್ತು ತಂದು ಮರಿಯಯ್ಯನ ಜಗಲಿಗೆ ಒರಗಿಸಿದ. ಆಳೆತ್ತರಕ್ಕಿಂತ ಎರಡು ಮೊಳ ಹೆಚ್ಚು ಉದ್ದ. ನಡು ಅಗಲ, ತುದಿ ಸಪೂರ, ಅಡಿಯಲ್ಲಿ ಮೀನಿನ ರೆಕ್ಕೆಯಂಥದ್ದೊಂದು.

“ಇದ್ರ ಎಸ್ರು ಸರ್ಫ್ ಬೋರ್ಡು, ಮರಿಯಣ್ಣ. ನಾಳೆ ಒಂಬತ್ತು ಗಂಟೆ ಒಳಗೆ ತಂದ್ಬುಡಿ. ಧಣಿಗಳು ಮೈಸೂರಿಂದ ಬತ್ತಾರೆ. ಗೊತ್ತಾದ್ರೆ ನನ್ನ ಗೇಟಿಂದಾಚೆಗೆ ಹಾಕ್ತಾರೆ” ಎಂದ.

ನಂಜನಗೂಡಿನಿಂದ ಕೆಳಕ್ಕೆ ಕಪಿಲೆಯ ದಡದಲ್ಲಿರುವ ಒಂದು ತೋಟದ ಮನೆಗೆ ರಾಜೇಂದ್ರ ಕಾವಲುಗಾರ. ಹೋದ ತಿಂಗಳು ಆ ಧಣಿಯ ಮಗ ಇದೇ ಹಲಗೆಯ ಮೇಲೆ ಬೋರಲು ಮಲಗಿ, ಎರಡು ಕೈಯಲ್ಲೂ ನೀರು ಎಳೆದುಕೊಂಡು ಆಚೆ ದಡ ಮುಟ್ಟಿ ಬಂದಿದ್ದನ್ನು ಮರಿಯಯ್ಯ ದಡದಲ್ಲಿ ಕೂತು ನೋಡಿದ್ದ. ಹುಡುಗನ ಬಿಳಿ ಮೈ, ಬಣ್ಣದ ಚಡ್ಡಿ ಯಾವುದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕಾಲು ಎರಡೂ ನೇರ ಚಾಚಿಕೊಂಡೇ ಹೋಗಿ ಬಂದನಲ್ಲ ಎಂಬುದೊಂದೇ ತಲೆಯಲ್ಲಿ ಕೂತುಬಿಟ್ಟಿತ್ತು.

ಯುಗಾದಿಯ ಹಿಂದಿನ ವಾರ ದೇವನೂರಿನ ದಾರಿಯಲ್ಲಿ ಗಾಡಿಯಿಂದ ಬಿದ್ದು ಮರಿಯಯ್ಯನ ಬಲ ಮೊಣಕಾಲು ಒಡೆದಿತ್ತು. ಆಸ್ಪತ್ರೆಯಲ್ಲಿ ರಾಡು ಹಾಕಿದರು. ಮೂಳೆ ಕೂಡಿಕೊಂಡಿತು, ಕಾಲು ಮಡಿಸುವುದು ಮಾತ್ರ ಹೋಯಿತು. ತೆಪ್ಪದಲ್ಲಿ ಬಲೆ ಎತ್ತುವವನು ಕುಕ್ಕರುಗಾಲಲ್ಲಿ ಕೂರಬೇಕು. ಒಂದು ಕಾಲು ಕೋಲಿನ ಹಾಗೆ ಚಾಚಿಕೊಂಡರೆ ಬಲೆ ಹಾಕಲೂ ಜಾಗವಿಲ್ಲ, ಜೊತೆಗಾರ ಹುಟ್ಟು ಹಾಕಲೂ ಜಾಗವಿಲ್ಲ.

ಆ ಜೊತೆಗಾರ ಚಲುವಯ್ಯ. ಇಪ್ಪತ್ತೆರಡು ವರ್ಷದಿಂದ ಇಬ್ಬರಿಗೂ ಒಂದೇ ತೆಪ್ಪ. ಯುಗಾದಿಯಿಂದೀಚೆಗೆ ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಬಲೆ ಹಿಡಿದು ಅವನೊಬ್ಬನೇ ಹೆಣಗಿದ. ಹೋದ ವಾರ ಬಂದು ಜಗಲಿಯಲ್ಲಿ ಕೂತು, ಒಂದು ಬೀಡಿ ಸೇದಿ ಮುಗಿಸಿ ಹೇಳಿದ್ದ.

“ನಂಗೂ ಸೊಂಟ ಓಯ್ತಾ ಅದೆ ಕಣ್ಲಾ. ಸೋಮ್ವಾರದಿಂದ ತೆಪ್ಪಕ್ಕೆ ನಾಗಯ್ಯನ್ನ ಜೊತ್ಗೆ ಕರ್ಕೊತೀನಿ.”

“ಶನಿವಾರದ ಬಲೆ ನಾನೆತ್ತುತೀನಿ, ಬಂದು ನೋಡು” ಎಂದಿದ್ದ ಮರಿಯಯ್ಯ. “ಆಗ್ನಿಲ್ವ, ಕರ್ಕೊ.”

ಆ ಶನಿವಾರಕ್ಕೇ ಈ ಹಲಗೆ ಬಂದದ್ದು.

ಮರಿತಾಯಮ್ಮ ದೀಪ ಹಚ್ಚಿ ಬಂದು ಹಲಗೆಯ ಮೇಲೆ ಕೈಯಾಡಿಸಿದಳು. ಮೇಲ್ಮೈಯ ತುಂಬ ಅಂಟಂಟು. ಮೇಣದ ಬತ್ತಿ ಸುರಿದು ಆರಿದ ಹಾಗೆ ಬಿಳಿಬಿಳಿ ಗಂಟು, ಅದಕ್ಕೆ ಮರಳು, ಕೂದಲು ಹಿಡಿದುಕೊಂಡಿತ್ತು.

“ಎಂಗೆ ಮಡೀಕಂಡವ್ರೆ ನೋಡು. ಉಳ್ಳೋರ ಮನೆ ಸಾಮಾನು, ಒಂದಿನ ತೊಳ್ದಿದ್ರೆ ಕೇಳು.”

ಬೇರೆಯವರ ಮನೆಯಿಂದ ಕೊಳದಪ್ಪಲೆ ತಂದರೂ, ಒಂದು ಸೇರು ತಂದರೂ ತೊಳೆಯದೆ ಬಳಸುವ ಹೆಂಗಸಲ್ಲ ಅವಳು. ತೊಳೆಯದೆ ಹಿಂದಿರುಗಿಸುವವಳೂ ಅಲ್ಲ. ಹಂಡೆಯಲ್ಲಿ ನೀರು ಕಾಯಿಸಿದಳು. ಬೂದಿ, ತೆಂಗಿನ ನಾರು ಹಿಡಿದು ಉಜ್ಜಲು ಕೂತಳು. ಬಿಸಿನೀರು ಬಿದ್ದಲ್ಲೆಲ್ಲ ಆ ಅಂಟು ಕರಗಿ ಜಾರಿ ಹೋಗುತ್ತಿತ್ತು. ಅವಳ ಕೈ ನೋಯುತ್ತದೆಂದು ಮರಿಯಯ್ಯನೂ ಕಾಲು ಚಾಚಿ ಕೂತು ಒಂದು ತುದಿಯಿಂದ ಉಜ್ಜಿಕೊಟ್ಟ. ಮುಗಿಯುವಷ್ಟರಲ್ಲಿ ದೀಪ ಹಲಗೆಯೊಳಗೆ ಕಾಣುತ್ತಿತ್ತು.

“ಕನ್ನಡಿ ಆಗ್ಬುಟ್ಟದೆ ಕಣಮ್ಮಿ” ಎಂದ. ಎಂಟು ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. ಮರಿತಾಯಮ್ಮ ಹಲಗೆಯ ನೆತ್ತಿಗೆ ಒಂದು ಬೊಟ್ಟು ಕುಂಕುಮವಿಟ್ಟಳು.

ಬೆಳಗಿನ ಐದೂವರೆಗೆ ಹೊಳೆಯ ಮೇಲೆ ಮಂಜು ಕೂತಿತ್ತು. ಆಚೆ ದಡದ ಹೊಂಗೆ ಮರಗಳು ಇದ್ದಾವೋ ಇಲ್ಲವೋ ಎಂಬ ಹಾಗೆ. ಚಲುವಯ್ಯ ತೆಪ್ಪವನ್ನು ನೀರಿಗಿಳಿಸಿ ಕಾಯುತ್ತಿದ್ದ. ರಾತ್ರಿ ಬಿಟ್ಟ ಬಲೆಯ ಬೆಂಡುಗಳು ನಡುಹೊಳೆಯಲ್ಲಿ ಸಾಲಾಗಿ ಕರ್ರಗೆ ಕಾಣುತ್ತಿದ್ದವು.

“ಏನ್ಲಾ ಇದು, ಇಸ್ತ್ರಿ ಮಾಡೋ ಮೇಜ ತಂದಿದ್ದೀಯ?”

“ನಿನ್ನ ಪಂಚೆ ಆಮೇಲೆ ಇಸ್ತ್ರಿ ಮಾಡ್ತೀನಿ. ಈಗ ಸುಮ್ಕೆ ನೋಡು.”

ಮೊಣಕಾಲುದ್ದ ನೀರಿನಲ್ಲಿ ಹಲಗೆಯನ್ನು ಹಿಡಿದು ಮರಿಯಯ್ಯ ಬೋರಲು ಬಿದ್ದ. ಹಲಗೆ ಅವನನ್ನು ಹೊತ್ತಿತು. ಚಾಚಿದ ಕಾಲು ಚಾಚಿದ ಹಾಗೇ ಇತ್ತು, ಯಾರಿಗೂ ಅಡ್ಡವಿಲ್ಲ. ಎರಡು ಕೈಯಲ್ಲಿ ನೀರು ಎಳೆದ. ಹಲಗೆ ಸರಕ್ಕನೆ ಮುಂದಕ್ಕೆ ಹೋಯಿತು. ಎದೆಯ ಕೆಳಗೇ ಹೊಳೆ ಹರಿಯುತ್ತಿತ್ತು, ತಣ್ಣಗೆ, ಮೂಗಿಗೆ ಹಳೆಯ ಪಾಚಿಯ ವಾಸನೆ ಬಡಿಯುವಷ್ಟು ಹತ್ತಿರ.

“ಓಯ್ತಾ ಅದೆ ಕಣ್ಲಾ” ಎಂದ ಚಲುವಯ್ಯ ಹಿಂದಿನಿಂದ. ದನಿಯಲ್ಲಿ ಅಣಕ ಇರಲಿಲ್ಲ.

ಮೊದಲನೇ ಬೆಂಡು ಕೈಗೆ ಸಿಕ್ಕಿತು. ಬಲೆಯನ್ನು ಎತ್ತಿದ. ಒಂದು ಜಿಲೇಬಿ ಮೀನು, ಮತ್ತೊಂದು. ಮೂರನೆಯ ಕಡೆ ಭಾರವಿತ್ತು. ಎಡಕ್ಕೆ ಬಾಗಿ ಎಳೆದ. ಆಗ ಮೈ ಜಾರಿತು. ಒದ್ದೆ ಅಂಗಿಯ ಕೆಳಗೆ ಹಿಡಿತವೇ ಇಲ್ಲ, ಎಣ್ಣೆ ಸವರಿದ ಬಂಡೆಯ ಮೇಲೆ ಮಲಗಿದ ಹಾಗೆ. ಕೈ ಊರಿದ, ಕೈಯೂ ಜಾರಿತು. ಹಲಗೆ ಅವನ ಕೆಳಗಿನಿಂದ ಬದಿಗೆ ಚಿಮ್ಮಿ, ಅವನು ಬಲೆಯ ಮೇಲೇ ಬಿದ್ದ.

ಈಜು ಮರೆಯುವ ಮನುಷ್ಯನಲ್ಲ ಅವನು. ಆದರೆ ಬಲೆ ರಾಡಿನ ಕಾಲಿಗೆ ಸುತ್ತಿಕೊಂಡಿತು. ಒದೆಯಲು ಕಾಲು ಮಡಿಯಲಿಲ್ಲ. ಚಲುವಯ್ಯ ತೆಪ್ಪವನ್ನು ತಂದು, ಕೂದಲು ಹಿಡಿದೆತ್ತಿ, ಕುಡುಗೋಲಿನಿಂದ ಬಲೆಯನ್ನು ಕುಯ್ದ.

“ಇನ್ನೊಂದ್ಸಲ” ಎಂದ ಮರಿಯಯ್ಯ ಕೆಮ್ಮುತ್ತಲೇ.

ಇನ್ನೊಂದು ಸಲವೂ ಆಯಿತು. ಈ ಸಲ ಬಲೆ ಮುಟ್ಟುವ ಮೊದಲೇ ಜಾರಿದ.

ದಡದಲ್ಲಿ ಚಲುವಯ್ಯ ಅವನ ಬೆನ್ನಿಗೆ ತನ್ನ ಟವೆಲ್ಲು ಹೊದಿಸಿದ. ಬೀಡಿ ಹಚ್ಚಿ ಕೊಟ್ಟ.

“ಎಂಡ್ರು ಮಕ್ಳಿಗೆ ನಾನೇನೇಳ್ಳಿ, ನೀನು ಮುಳುಗೋದ್ರೆ? ಬುಡ್ಲಾ ಅತ್ಲಾಗೆ.” ತೆಪ್ಪದಿಂದ ಕುಯ್ದ ಬಲೆಯನ್ನು ತಂದು ಅವನ ಪಕ್ಕಕ್ಕೆ ಹಾಕಿದ. “ಇದ್ನ ವಸಿ ಕಟ್ಟಿ ಮಡುಗು. ಸೋಮ್ವಾರ ನಾಗಯ್ಯ ಬಂದು ತಕ್ಕೊತಾನೆ.”

ಹಲಗೆಯನ್ನು ಹೆಗಲ ಮೇಲಿಟ್ಟು, ಬಲೆಯ ಗಂಟನ್ನು ಕೈಯಲ್ಲಿ ಹಿಡಿದು, ಕುಂಟುತ್ತ, ಮರಿಯಯ್ಯ ತೋಟದ ಮನೆ ತಲುಪುವಾಗ ಎಂಟೂವರೆ. ರಾಜೇಂದ್ರ ಹಲಗೆಯ ಮೇಲೆ ಅಂಗೈ ಎಳೆದವನು ಹಾಗೇ ನಿಂತ.

“ಮೇಣ ಎಲ್ಲೋಯ್ತು ಮರಿಯಣ್ಣ?”

“ಯಾವ ಮೇಣ?”

“ಮೇಲೆಲ್ಲ ಬಳ್ದಿತ್ತಲ್ಲ, ಅಂಟಂಟಾಗಿ. ಚಿಕ್ಕ ಧಣಿ ಗಂಟೆಗಟ್ಲೆ ಕುಂತು ಉಜ್ಜೋರು. ಅದಿಲ್ದಿದ್ರೆ ಮೈ ನಿಲ್ಲಕಿಲ್ವಂತೆ, ಜಾರೋಯ್ತದಂತೆ.” ಅವನು ಮರಿಯಯ್ಯನ ಒದ್ದೆ ಬಟ್ಟೆಯನ್ನು ಆಗ ನೋಡಿದ. “ಯಾರು ತೊಳುದ್ರು ಇದ್ನ?”

ಮರಿಯಯ್ಯ ಹಲಗೆಯ ನೆತ್ತಿಯಲ್ಲಿ ಉಳಿದಿದ್ದ ಕುಂಕುಮದ ಕಲೆಯನ್ನು ಹೆಬ್ಬೆರಳಿನಿಂದ ಒರೆಸಿದ.

“ನಾನೇ ಕಣಪ್ಪ. ಕೊಳೆ ಅನ್ಕಂಡೆ.”

“ಬುಡಿ, ಬೈಯ್ಯೋದಿದ್ರೆ ನಾನು ಬೈಯಿಸ್ಕೊತೀನಿ.”

“ಮೇಣ ಬಳ್ದು ಇನ್ನೊಂದ್ಸಲ ಕೊಡ್ತೀಯಾ?”

“ಎಲ್ಲಿಂದ ಕೊಡ್ಲಿ? ಇವತ್ತೇ ಕಾರಿನ ಮ್ಯಾಲೆ ಕಟ್ಕೊಂಡು ಮಂಗ್ಳೂರಿಗೆ ತಕ್ಕೊಂಡೋಯ್ತಾರೆ. ಅಲ್ಲಿ ಅಲೆ ಅವ್ಯಂತೆ. ಇದು ಅಲೆಗೇ ಮಾಡಿರೋದಲ್ವ.”

ಮರಿಯಯ್ಯ ತಲೆಯಾಡಿಸಿ, ಬಲೆಯ ಗಂಟನ್ನು ಎತ್ತಿಕೊಂಡು ಹೊರಟ.

ಮನೆಯ ಮುಂದೆ ಮರಿತಾಯಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಅವನ ಬಟ್ಟೆ ನೋಡಿದಳು, ಬಲೆ ನೋಡಿದಳು.

“ನೀರು ಕಾದದೆ” ಎಂದಳು. ಆಮೇಲೆ, “ರಾಜೇಂದ್ರ ಏನಾರ ಅಂದ್ನಾ? ನಾನು ಅಷ್ಟು ಉಜ್ಜಿ ಕೊಟ್ಟಿದ್ನಲ್ಲ.”

ಮರಿಯಯ್ಯ ಗೋಡೆ ಹಿಡಿದು ಜಗಲಿಯ ಮೇಲೆ ಕೂತ. ಬಲಗಾಲು ತಾನಾಗಿಯೇ ನೇರ ಚಾಚಿಕೊಂಡಿತು.

“ಕನ್ನಡಿ ಆಗ್ಬುಟ್ಟದೆ ಅಂದ” ಎಂದು ಹೇಳಿ, ಸೂರಿನಲ್ಲಿ ಸಿಕ್ಕಿಸಿದ್ದ ಬಲೆ ಕಟ್ಟುವ ಸೂಜಿಯನ್ನು ಕೊಡುವಂತೆ ಕೈ ನೀಡಿದ. ಅವಳು ತಂದುಕೊಟ್ಟಳು. ಅವನು ಹರಿದ ಕಡೆಯನ್ನು ಚಾಚಿದ ಕಾಲಿನ ಮೇಲೆ ಹರವಿಕೊಂಡು, ನಾಗಯ್ಯನಿಗಾಗಿ ಮೊದಲನೇ ಗಂಟು ಹಾಕಿದ.