ಸಣ್ಣ ತೂತಿನ ಮಿಡಿಸೌತೆ

ಉಪ್ಪಿನಕಾಯಿ ಕಾರ್ಖಾನೆಯಲ್ಲಿ ನನ್ನ ಕೆಲಸ ಮಿಡಿಸೌತೆ ವಿಂಗಡಿಸುವುದು. ನನ್ನ ಹಲಗೆಗೆ ಮೂರು ತೂತು. ಅತಿ ಸಣ್ಣ ತೂತಿನಲ್ಲಿ ತೂರಿದ ಕಾಯಿಗೆ ಹೆಚ್ಚು ಬೆಲೆ. ಯಾವುದರಲ್ಲೂ ತೂರದ್ದು ದನದ ಪಾಲು.

ಹೊರದೇಶದ ಬೆಳ್ಳುಳ್ಳಿಯ ಮೇಲಿನ ಸುಂಕ ತೆಗೆದ ವರ್ಷ ನಮ್ಮವರ ಬೆಳ್ಳುಳ್ಳಿಯನ್ನು ಮೂಸಿ ನೋಡುವವರಿರಲಿಲ್ಲ. ಅದೇ ಒಪ್ಪಂದದಲ್ಲಿ ಮಿಡಿಸೌತೆಗೆ ಹಡಗು ಹತ್ತುವ ಯೋಗ ಬಂತು. ಎಲ್ಲರೂ ಬಳ್ಳಿ ಹಬ್ಬಿಸಿದರು. ಇನ್ನೂರು ಎಕರೆಯ ಯಜಮಾನರೂ ಹಬ್ಬಿಸಿದರು (ಅವರನ್ನು ಊರೇ ‘ಇನ್ನೂರು’ ಅನ್ನುತ್ತದೆ), ಎರಡು ಎಕರೆಯ ನನ್ನ ಚಿಕ್ಕಮ್ಮನೂ ಹಬ್ಬಿಸಿದಳು.

‘ಇನ್ನೂರು’ ಅವರಿಗೆ ಟ್ರ್ಯಾಕ್ಟರ್, ಹನಿ ನೀರಾವರಿ, ಸಲಹೆಗೆ ಕೃಷಿ ಪದವೀಧರ. ಚಿಕ್ಕಮ್ಮನಿಗೆ ಸೊಂಟಕ್ಕೆ ಕಟ್ಟಿದ ಗೋಣಿಚೀಲ. ಆದರೂ ಅವರ ಅರ್ಧ ಕಾಯಿ ದನಕ್ಕೆ ಹೋಗುತ್ತಿತ್ತು, ಇವಳದು ಸಲೀಸಾಗಿ ಸಣ್ಣ ತೂತು ದಾಟುತ್ತಿತ್ತು. ಇದೆಂಥ ಮಾಯೆ ಅಂತ ನನಗೆ ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ಅವರು ಚಿಕ್ಕಮ್ಮನ ಹೊಲವನ್ನು ಹತ್ತು ವರ್ಷಕ್ಕೆ ಗುತ್ತಿಗೆಗೆ ಕೇಳಿದ್ದರು. ಬೆಳ್ಳುಳ್ಳಿ ಕೈಕೊಟ್ಟ ಮೇಲೆ ಅವಳ ಧೈರ್ಯ ಉಡುಗಿತ್ತು. ಸೌತೆಯೂ ಕೈಕೊಟ್ಟರೆ ಅನ್ನುವ ಭಯ. ಭಾನುವಾರ ಸಹಿ ಹಾಕುವುದೆಂದು ಮಾತಾಗಿತ್ತು. ಅದಕ್ಕೆ ಮೊದಲು ಗುಟ್ಟು ತಿಳಿಯಲೇಬೇಕೆಂದು ಅವತ್ತು ಬೆಳಿಗ್ಗೆಯೇ ಅವಳ ಹೊಲಕ್ಕೆ ಹೋದೆ.

ಚಿಕ್ಕಪ್ಪ ಪಕ್ಕದ ಸಾಲಿನಲ್ಲಿ ಬಗ್ಗಿದ್ದ. ಚಿಕ್ಕಮ್ಮ ಒಂದು ಸಾಲು ಬಿಡಿಸಿ ಮುಗಿಸಿದಳು. ಮತ್ತೆ ಅದೇ ಸಾಲನ್ನು ಆ ತುದಿಯಿಂದ ಶುರು ಮಾಡಿದಳು.

“ಆಗ್ಲೇ ಬಿಡಿಸಿದ್ಯಲ್ಲ?”

“ಈ ಕಡೆಯಿಂದ ಎಲೆ ಮರೆ ಮಾಡಿದ್ದು ಆ ಕಡೆಯಿಂದ ಕಾಣತ್ತೆ. ಈಗ ಬಿಟ್ರೆ ಕಿರುಬೆರಳಿನಷ್ಟಿದ್ದ ಕಾಯಿ ಸಂಜೆಗೆ ಹೆಬ್ಬೆರಳಾಗಿರತ್ತೆ. ಸಂಜೆ ಇನ್ನೊಂದು ಸಲ ಬರ್ತೀವಿ. ನೀನೂ ಬಗ್ಗು, ನಿಂತ್ಕೊಂಡು ಏನ್ ನೋಡ್ತೀಯ?”

ನಾನೂ ಬಗ್ಗಿದೆ. ಸೊಂಟ ಬಿದ್ದುಹೋದರೂ ಮರೆಯಲ್ಲಿ ಅಡಗಿದ ಕಾಯಿ ಸಿಕ್ಕಾಗಲೆಲ್ಲ ಖುಷಿಯಾಗುತ್ತಿತ್ತು. ತಲೆ ಎತ್ತಿದರೆ ಬದುವಿನ ಮೇಲೆ ‘ಇನ್ನೂರು’, ಕೈಯಲ್ಲಿ ಗುತ್ತಿಗೆ ಪತ್ರ. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

“ಎರಡೆಕರೆಗೆ ಎಷ್ಟು ಜನ?”

“ನಾನು, ನಮ್ಮ ಯಜಮಾನ್ರು.”

“ಅಂದ್ರೆ ನನಗೆ ಇನ್ನೂರು ಜನ, ದಿನಕ್ಕೆ ಎರಡು ಹೊತ್ತು. ಎಲ್ಲಿಂದ ತರ್ಲಿ?” ಅವರು ಪತ್ರ ಮಡಚಿ ಜೇಬಿಗೆ ಹಾಕಿಕೊಂಡರು. “ನಿಮ್ಮದನ್ನ ತಗೊಂಡು ನಾನು ಕೆಡಿಸೋದು ಬೇಡ. ನನ್ನದೇ ಹತ್ತೆಕರೆ ನೀವು ಪಾಲಿಗೆ ಮಾಡ್ತೀರಾ?”

ಚಿಕ್ಕಪ್ಪನ ಮುಖ ಅರಳಿತು. ಚಿಕ್ಕಮ್ಮ ಬಳ್ಳಿಯ ಮೇಲೆ ಕೈಯಿಟ್ಟು ನಿಂತಳು. ಬೆಳ್ಳುಳ್ಳಿ ಕೈಕೊಟ್ಟಾಗಿನಿಂದ ಕಾಣದ ಧೈರ್ಯ ಅವಳ ದನಿಯಲ್ಲಿತ್ತು.

“ಹತ್ತು ತಗೊಂಡ್ರೆ ನಿಮ್ಮ ಪಾಡೇ ನಮಗೂ. ಒಂದೆಕರೆ ಕೊಡಿ.”

“ಅದನ್ನಾದ್ರೂ ಯಾರು ಬಿಡಿಸ್ತಾರೆ?”

ಚಿಕ್ಕಮ್ಮ ನನ್ನತ್ತ ಗದ್ದ ತೋರಿಸಿದಳು. “ಇವಳಿದಾಳಲ್ಲ.”

ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಬೇಡ ಅನ್ನಲಿಲ್ಲ.